ಚಕಿರಿಚ್ಚೋರು: ನಾರಿನ ಹುಡಿಯ ಒಂದು ಸಣ್ಣ ಚರಿತ್ರೆ

ತೆಂಗಿನ ಸಿಪ್ಪೆಯನ್ನು ಬಡಿದು ನಾರು ತೆಗೆದ ಮೇಲೆ ಕೆಳಗೆ ಉದುರುವ ಕಂದು ಬಣ್ಣದ ಹುಡಿಗೆ ನಮ್ಮ ಮನೆಗಳಲ್ಲಿ ಪ್ರತ್ಯೇಕ ಹೆಸರಿಲ್ಲ. ನಾರಿನ ಹುಡಿ ಎನ್ನುತ್ತೇವೆ, ಅಷ್ಟೆ. ಮಲಯಾಳದಲ್ಲಿ ಅದು ಚಕಿರಿಚ್ಚೋರ್. ಚಕಿರಿ ಎಂದರೆ ಸಿಪ್ಪೆಯ ನಾರು, ಚೋರ್ ಎಂದರೆ ಅನ್ನ. ನಾವು ಕಸವೆಂದು ಗುಡಿಸಿ ಹಾಕಿದ್ದನ್ನು ನೆರೆಯವರು ಅನ್ನವೆಂದು ಕರೆದರು. ಹೆಸರಿಟ್ಟವರಿಗೆ ಅದರಿಂದ ಮುಂದೆ ಲಕ್ಷಾಂತರ ಸಸಿಗಳು ಬೆಳೆಯುತ್ತವೆಂದು ಗೊತ್ತಿತ್ತೆಂದು ನಾನು ಹೇಳಲಾರೆ. ಬೆಂದ ಅನ್ನದ ಅಗುಳಿನಂತೆ ಮೆತ್ತಗೆ ಕಂಡದ್ದರಿಂದ ಹಾಗೆಂದಿರಬಹುದು.

ನಾರಿನ ಚರಿತ್ರೆಯನ್ನು ಬರೆದವರು ಹಲವರು. ಹನ್ನೊಂದನೇ ಶತಮಾನದಲ್ಲಿ ಅಲ್ ಬಿರೂನಿ ಪಶ್ಚಿಮ ಸಮುದ್ರದ ದ್ವೀಪಗಳನ್ನು ಎರಡು ಗುಂಪಾಗಿ ವಿಂಗಡಿಸಿ, ಒಂದು ಕವಡೆಯ ದ್ವೀಪಗಳು, ಇನ್ನೊಂದು ನಾರಿನ ದ್ವೀಪಗಳು ಎಂದ. ಹದಿನಾಲ್ಕನೇ ಶತಮಾನದಲ್ಲಿ ನಮ್ಮ ಕರಾವಳಿಯಲ್ಲೇ ಹಾದುಹೋದ ಇಬ್ನ್ ಬತೂತ, ಮೊಳೆ ಹೊಡೆಯದೆ ನಾರಿನ ಹಗ್ಗದಿಂದಲೇ ಹೊಲಿದ ಹಡಗುಗಳ ಬಗ್ಗೆ ಬರೆದ. ಇಂಗ್ಲಿಷರ ‘ಕಾಯರ್’ ಎಂಬ ಮಾತು ಮಲಯಾಳದ ‘ಕಯರ್’ನಿಂದಲೇ ಹೋದದ್ದು. 1859ರಲ್ಲಿ ಜೇಮ್ಸ್ ಡಾರಾ ಆಲಪ್ಪುಳದಲ್ಲಿ ಮೊದಲ ನಾರಿನ ಕಾರ್ಖಾನೆ ತೆರೆದ. 1953ರಲ್ಲಿ ನಾರು ಉದ್ಯಮದ ಕಾನೂನು ಬಂತು, ಅದರ ಬೆನ್ನಿಗೇ ಕಾಯರ್ ಬೋರ್ಡು, 1959ರಲ್ಲಿ ಕಲವೂರಿನಲ್ಲಿ ಸಂಶೋಧನಾ ಕೇಂದ್ರ. ಇಷ್ಟು ದೀರ್ಘ ಕಥೆಯಲ್ಲಿ ಹುಡಿಗೆ ಜಾಗವೇ ಇಲ್ಲ. ಆದರೆ ಒಂದು ಕಿಲೋ ನಾರು ತೆಗೆದರೆ ಸುಮಾರು ಎರಡು ಕಿಲೋ ಹುಡಿ ಬೀಳುತ್ತದೆ. ಕಾರ್ಖಾನೆಗಳ ಹಿಂದೆ ಅದು ಗುಡ್ಡವಾಗಿ ಬೆಳೆಯಿತು. ಬೇಸಗೆಯಲ್ಲಿ ಬೆಂಕಿ ಹಿಡಿದರೆ ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತಿತ್ತು. ಮಳೆಗಾಲದಲ್ಲಿ ಅದರಿಂದ ಇಳಿದ ಚಹಾ ಬಣ್ಣದ ನೀರು ಹತ್ತಿರದ ಬಾವಿಗಳನ್ನು ಕೆಡಿಸುತ್ತಿತ್ತು.

ಈ ಹುಡಿಯಲ್ಲಿ ಬೀಜ ಬಿತ್ತಬಹುದೆಂದು ಕಾಗದದ ಮೇಲೆ ಮೊದಲು ಹೊಗಳಿ ಬರೆದವರು ಬಹುಶಃ ತೆಂಗಿನ ಮರವನ್ನೇ ಕಾಣದ ದೇಶದ ತೋಟಗಾರರು. 1860ರ ದಶಕದಲ್ಲಿ ಇಂಗ್ಲೆಂಡಿನ ತೋಟಗಾರಿಕೆ ಪತ್ರಿಕೆಗಳಲ್ಲಿ ‘ತೆಂಗಿನ ನಾರಿನ ಕಸ’ ಎಂಬ ಹೆಸರಿನಲ್ಲೇ ಇದರ ಜಾಹೀರಾತು ಬರುತ್ತಿತ್ತು. ಅಲ್ಲಿ ನಾರಿನ ಚಾಪೆ ನೇಯುವ ಕಾರ್ಖಾನೆಗಳಿದ್ದುವು, ಅವುಗಳ ಕಸ ಗಾಜಿನ ಮನೆಗಳಿಗೆ ಹೋಯಿತು. ಆಮೇಲೆ ಅದು ಮರೆಯಾಯಿತು. ಪಾಚಿ ಕೊಳೆತು ಸಾವಿರಾರು ವರ್ಷಗಳಲ್ಲಿ ಉಂಟಾದ ಜೌಗು ನೆಲದ ‘ಪೀಟ್’ ಅವರಿಗೆ ಹಿತ್ತಲಲ್ಲೇ ಸಿಗುತ್ತಿತ್ತು. 1930ರ ದಶಕದಲ್ಲಿ ಅಲ್ಲಿನ ಜಾನ್ ಇನ್ನೆಸ್ ಸಂಸ್ಥೆ ಸಸಿಗಳಿಗಾಗಿ ರೂಪಿಸಿದ ಹೆಸರಾಂತ ಮಿಶ್ರಣದಲ್ಲಿ ಮಣ್ಣು ಮತ್ತು ಹೊಯ್ಗೆಯ ಜೊತೆ ಇದ್ದದ್ದು ಈ ಪೀಟ್. 1980ರ ದಶಕದ ಕೊನೆಗೆ, ಜೌಗು ನೆಲಗಳನ್ನು ಅಗೆದು ಮುಗಿಸುತ್ತಿದ್ದೇವೆಂಬ ಕೂಗು ಎದ್ದ ಮೇಲೆ, ಅದೇ ಜನ ಮತ್ತೆ ತೆಂಗಿನ ಹುಡಿಯತ್ತ ತಿರುಗಿದರು. ಶ್ರೀಲಂಕಾ ಮೊದಲು ಎಚ್ಚೆತ್ತು ಹುಡಿಯನ್ನು ಇಟ್ಟಿಗೆಯಂತೆ ಒತ್ತಿ ಹಡಗಿಗೇರಿಸಿತು. ಹಿಂದಿನಿಂದ ನಾವೂ ಹೋದೆವು. ‘ಕೊಕೊಪೀಟ್’ ಎಂಬ ಹೆಸರು ಹೀಗೆ ಬಂದದ್ದು. ಆ ಹೆಸರಿನಲ್ಲಿ ನಮ್ಮದು ಅರ್ಧ, ಅವರ ಜೌಗು ನೆಲದ್ದು ಅರ್ಧ.

ನಮ್ಮ ಊರಿನ ಮಟ್ಟಿಗೆ ಹೇಳುವುದಾದರೆ ತೆಂಗಿನ ಶಾಸ್ತ್ರ ನಮಗೆ ದೂರದ್ದಲ್ಲ. ಮದರಾಸು ಸರಕಾರ 1916ರಲ್ಲಿ ಕಾಸರಗೋಡು, ನೀಲೇಶ್ವರ, ಪಿಲಿಕ್ಕೋಡುಗಳಲ್ಲಿ ತೆಂಗಿನ ಸಂಶೋಧನಾ ಕೇಂದ್ರಗಳನ್ನು ತೆರೆದಾಗ ಇವೆಲ್ಲ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದುವು. 1930ರ ದಶಕದಲ್ಲಿ ಜೆ. ಎಸ್. ಪಟೇಲರು ನೀಲೇಶ್ವರದಲ್ಲಿ ಉದ್ದ ತಳಿ ಮತ್ತು ಗಿಡ್ಡ ತಳಿಗಳನ್ನು ಕೂಡಿಸಿ ಸಂಕರ ತೆಂಗನ್ನು ಪಡೆದರು. ಕಾಸರಗೋಡಿನ ಕೇಂದ್ರ 1970ರಲ್ಲಿ ಅಖಿಲ ಭಾರತ ಮಟ್ಟದ ತೋಟದ ಬೆಳೆಗಳ ಸಂಸ್ಥೆಯಾಯಿತು. ಅಷ್ಟು ಹೊತ್ತಿಗೆ, 1956ರ ನವೆಂಬರ್ 1ರಿಂದ, ನಾವು ಕೇರಳದವರಾಗಿದ್ದೆವು.

ಸಸಿ ಮಾಡುವುದರಲ್ಲಿ ಮಾತ್ರ ನಮ್ಮ ಹಿರಿಯರು ಯಾರನ್ನೂ ಕೇಳುತ್ತಿರಲಿಲ್ಲ. ಅಡಿಕೆಯ ಬೀಜಕ್ಕೆ ಹೊಳೆಯ ಹೊಯ್ಗೆಯ ಮಡಿ. ತೊಟ್ಟಿನ ಭಾಗ ಮೇಲಾಗಿ ಇಟ್ಟು ತೆಳ್ಳಗೆ ಹೊಯ್ಗೆ ಮುಚ್ಚಿ ದಿನಾ ನೀರು ಚಿಮುಕಿಸುವುದು. ತರಕಾರಿಗೆ ಸುಡುಮಣ್ಣು ಮತ್ತು ಹಟ್ಟಿಗೊಬ್ಬರ. ನಾರಿನ ಹುಡಿಯನ್ನು ನಮ್ಮ ಮನೆಗೆ ತಂದವರು ನನ್ನ ಅಪ್ಪ, 1992ರಲ್ಲಿ. ಕೆಳಗಿನ ತೋಟವನ್ನು ಮರುನಾಟಿ ಮಾಡಬೇಕಿತ್ತು. ಹೊಯ್ಗೆ ಬೇಗ ಒಣಗುತ್ತದೆ, ಹುಡಿ ತನ್ನ ತೂಕದ ಐದಾರು ಪಟ್ಟು ನೀರು ಹಿಡಿದುಕೊಳ್ಳುತ್ತದೆ, ದಿನಕ್ಕೆ ಎರಡು ಸಲ ನೀರು ಹೊರುವುದು ತಪ್ಪುತ್ತದೆ ಎಂದು ಯಾರೋ ಹೇಳಿದ್ದರು. ತೆಂಕಣ ಕಡೆಯಿಂದ ಲಾರಿಯಲ್ಲಿ ಹನ್ನೆರಡು ಗೋಣಿ ಹುಡಿ ಬಂತು. ಜೊತೆಗೆ ಒಂದು ಕಚೇರಿಯಿಂದ ಸಿಕ್ಕಿದ ಒಂದೇ ಹಾಳೆಯ ಕರಪತ್ರ. ಅದು ಮಲಯಾಳದಲ್ಲಿತ್ತು.

ಅಪ್ಪನಿಗೆ ಪೇಟೆಯ ಮಲಯಾಳ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನಾನು ಕನ್ನಡ ಶಾಲೆಯಲ್ಲಿ ಕಲಿತವನು. ನನ್ನದೂ ಅದೇ ಅವಸ್ಥೆ. ಆಚೆಮನೆಯ ಹುಡುಗನೊಬ್ಬ ಜಗಲಿಯಲ್ಲಿ ಕುಳಿತು ಓದಿಹೇಳಿದ. “ಚಕಿರಿಚ್ಚೋರ್ ನಲ್ಲವಣ್ಣಂ ಕಳುಗಿ” ಎಂದು ಒಂದು ಸಾಲು. ಅಪ್ಪ, “ಕಲಕುವುದಲ್ಲವಾ, ಅದಕ್ಕೇನು ಓದಬೇಕು, ಮುಂದೆ ಹೇಳು ಮಗಾ” ಎಂದರು. ಹುಡುಗ ಮುಂದೆ ಹೇಳಿದ. ಅಪ್ಪ ಹಾರೆ ಹಿಡಿದು ಹುಡಿಯನ್ನು ಅರ್ಧ ದಿನ ಕಲಕಿದರು. ಫೆಬ್ರವರಿಯಲ್ಲಿ ಆರು ನೂರು ಬೀಜ ಇಟ್ಟೆವು.

ಕಳುಗಿ ಎಂದರೆ ತೊಳೆದು. ಚೆನ್ನಾಗಿ ತೊಳೆದು ಬಳಸಬೇಕೆಂದು ಆ ಸಾಲು ಹೇಳಿತ್ತು. ಹಳಗನ್ನಡದಲ್ಲಿ ನಮ್ಮಲ್ಲೂ ‘ಕರ್ಚು’ ಎಂಬ ಧಾತುವಿದೆ, ತೊಳೆ ಎಂದೇ ಅದರ ಅರ್ಥ, ಎರಡಕ್ಕೂ ಮೂಲ ಒಂದೇ. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ನಿಘಂಟು ನೋಡುವಾಗ. ಅಂದು ಗೊತ್ತಾದದ್ದು ಇಷ್ಟೇ: ಏಪ್ರಿಲ್‌ನಲ್ಲಿ ಮೊಳಕೆಗಳು ಬಂದುವು, ತುದಿ ಕರಟಿದುವು, ಕಿತ್ತು ನೋಡಿದರೆ ಬೇರಿನ ತುದಿ ಸುಟ್ಟ ನೂಲಿನಂತಿತ್ತು. ಉಳಿದದ್ದು ಎಪ್ಪತ್ತು ಚಿಲ್ಲರೆ ಸಸಿ. ಅಡಿಕೆಯಲ್ಲಿ ಒಂದು ವರ್ಷ ಹೋದರೆ ಹೋದದ್ದು ಒಂದು ವರ್ಷವಲ್ಲ, ಫಲ ಕಾಣುವ ದಿನವೆಲ್ಲ ಹಿಂದೆ ಸರಿಯುತ್ತದೆ. ಅಪ್ಪ ಯಾರನ್ನೂ ಬೈಯಲಿಲ್ಲ. “ನನ್ನ ಕಿವಿಯದ್ದೇ ತಪ್ಪು” ಎಂದರು. ನನಗೆ ಇಂದಿಗೂ ಹಾಗೆನಿಸುವುದಿಲ್ಲ. ಇಲ್ಲಿನ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸಬಹುದೆಂದು ಕೇರಳದ 1969ರ ಭಾಷಾ ಕಾನೂನು ಹೇಳುತ್ತದೆ. ಸಸಿಮಡಿಯ ಕರಪತ್ರಕ್ಕೂ ಅದು ಅನ್ವಯಿಸಬೇಕೆಂದು ಯಾರಿಗೂ ತೋಚಿರಲಿಲ್ಲ.

ತಪ್ಪು ಹುಡಿಯಲ್ಲಿದ್ದ ಉಪ್ಪಿನದು. ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಹೂತು ಕೊಳೆಸಿ ನಾರು ತೆಗೆಯುವ ಕ್ರಮ ಮಲಬಾರಿನಲ್ಲಿ ಹಳೆಯದು. ಉಪ್ಪುನೀರಾದರೆ ಉಪ್ಪು ಹುಡಿಯಲ್ಲಿ ಉಳಿಯುತ್ತದೆ. ಸಿಪ್ಪೆಯಲ್ಲಿ ಮೊದಲೇ ಪೊಟ್ಯಾಶಿಯಂ ಧಾರಾಳವಿದೆ. ಬಿಡಿಯಾಗಿರುವ ಉಪ್ಪು ಸಿಹಿನೀರಿನಲ್ಲಿ ತೊಳೆದರೆ ಹೋಗುತ್ತದೆ. ಆದರೆ ಇನ್ನೊಂದು ಪಾಲು ಹುಡಿಯ ಕಣಕ್ಕೇ ಅಂಟಿಕೊಂಡಿರುತ್ತದೆ. ಸಸಿಗೆಂದು ಸುಣ್ಣದ ಅಂಶ ಕೊಟ್ಟರೆ ಹುಡಿ ಅದನ್ನು ತಾನು ಹಿಡಿದುಕೊಂಡು ಬದಲಿಗೆ ಸೋಡಿಯಂ, ಪೊಟ್ಯಾಶಿಯಂಗಳನ್ನು ಬಿಟ್ಟುಕೊಡುತ್ತದೆ. ಸಸಿ ಉಪವಾಸ. ಆದ್ದರಿಂದ ತೊಳೆದ ಬಳಿಕ ಕ್ಯಾಲ್ಶಿಯಂ ನೈಟ್ರೇಟಿನ ತೆಳು ನೀರಿನಲ್ಲಿ ಒಮ್ಮೆ ನೆನೆಸಿ ಬಸಿಯಬೇಕು. ಇಷ್ಟಾದರೂ ಚೋರ್ ಎಂಬ ಹೆಸರು ನಂಬಿ ಕೂರುವ ಹಾಗಿಲ್ಲ; ಆ ಅನ್ನದಲ್ಲಿ ಪೌಷ್ಟಿಕ ಏನೂ ಇಲ್ಲ. ಎರಡು ನಿಜ ಎಲೆ ಬಂದ ಮೇಲೆ ಗೊಬ್ಬರದ ತಿಳಿ ಕೊಡಲೇಬೇಕು.

ಇದೇ ಪಾಠವನ್ನು ಈಗ ಜಗತ್ತಿನ ಇನ್ನೊಂದು ತುದಿಯಲ್ಲಿ ವಿಚಿತ್ರ ಶಿಷ್ಯರು ಕಲಿಯುತ್ತಿದ್ದಾರೆ. ಕೆನಡಾ 2018ರ ಅಕ್ಟೋಬರ್ 17ರಿಂದ ಗಾಂಜಾವನ್ನು ಕಾನೂನುಬದ್ಧಗೊಳಿಸಿತು. ಅಮೆರಿಕದ ಹಲವು ರಾಜ್ಯಗಳು ಅದಕ್ಕೂ ಮೊದಲೇ. ಅಲ್ಲಿ ಮನೆಯೊಳಗೆ ನಾಲ್ಕು ಗಿಡ ಬೆಳೆಸುವ ಹೊಸಬರಿಗೆ ಹಲವರು ಹೇಳಿಕೊಡುವುದು ತೆಂಗಿನ ಹುಡಿಯಲ್ಲೇ ಬೀಜ ಮೊಳೆಯಿಸಲು. ಅವರಿಗೂ ಎಲೆಯ ಮೇಲೆ ಕಂದು ಚುಕ್ಕಿ ಬಂದಾಗಲೇ ಕ್ಯಾಲ್ಶಿಯಂ ನೆನಪಾಗುವುದು. ನಮ್ಮ ದೇಶದಲ್ಲಿ 1985ರ ಮಾದಕ ದ್ರವ್ಯ ಕಾನೂನಿನಂತೆ ಅದನ್ನು ಬೆಳೆಸುವುದು ಜೈಲಿಗೆ ದಾರಿ. ಹಿಂದೆ ಹಾಗಿರಲಿಲ್ಲ. 1893–94ರಲ್ಲಿ ಬ್ರಿಟಿಷ್ ಸರಕಾರ ನೇಮಿಸಿದ ಆಯೋಗವು ಈ ಗಿಡದ ಬಗ್ಗೆ ದೇಶವಿಡೀ ವಿಚಾರಣೆ ನಡೆಸಿತು. ಬಂಗಾಳದ ನೌಗಾಂವ್ ಸೀಮೆಯಲ್ಲಿ ಪರವಾನಗಿ ಪಡೆದ ರೈತರು ಸಸಿಮಡಿಯಲ್ಲಿ ಬಿತ್ತಿ, ಗೇಣುದ್ದವಾದ ಮೇಲೆ ಹೊಲಕ್ಕೆ ನೆಡುತ್ತಿದ್ದುದು, ಗಂಡು ಗಿಡಗಳನ್ನು ಗುರುತಿಸಿ ಕೀಳಲು ತಜ್ಞನೊಬ್ಬನನ್ನು ಕರೆಸುತ್ತಿದ್ದುದು ಆ ವರದಿಯಲ್ಲಿದೆ. ಗಿಡ ಇಲ್ಲಿ ನಿಷಿದ್ಧವಾಯಿತು, ಅದನ್ನು ಅಲ್ಲಿ ಬೆಳೆಸುವ ಹುಡಿ ಇಲ್ಲಿಂದ ಹಡಗು ಹತ್ತುತ್ತದೆ. ಕಾನೂನು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಈ ಲೇಖನದ್ದಲ್ಲ.

ನಮ್ಮವರಿಗೆ ಹೆಚ್ಚು ಉಪಕಾರವಾದದ್ದು ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದ ತಟ್ಟೆಯ ವಿಧಾನ. 98 ಗುಳಿಗಳ ಪ್ಲಾಸ್ಟಿಕ್ ತಟ್ಟೆ, ಗುಳಿಗೊಂದು ಬೀಜ, ತುಂಬಲು ಹದಗೊಳಿಸಿದ ನಾರಿನ ಹುಡಿ. ಸಸಿ ಬೇರಿನ ಮುದ್ದೆಯೊಡನೆ ಇಡಿಯಾಗಿ ಏಳುತ್ತದೆ, ನಾಟಿಯ ಪೆಟ್ಟು ತಗಲುವುದಿಲ್ಲ. ಗುಡ್ಡದಂತೆ ಬಿದ್ದ ಹುಡಿಯನ್ನು ಗೊಬ್ಬರವಾಗಿಸುವ ದಾರಿಯೂ ಬಂತು. ಒಂದು ಟನ್ ಹುಡಿಗೆ ಐದು ಕಿಲೋ ಯೂರಿಯಾ ಮತ್ತು ಐದು ಬಾಟ್ಲಿ ಚಿಪ್ಪಣಬೆಯ ಬೀಜವನ್ನು ಪದರ ಪದರವಾಗಿ ಹಾಕಿ ತೇವ ಕಾದರೆ ತಿಂಗಳೊಳಗೆ ಅದು ಕಪ್ಪಾಗಿ ಕುಸಿಯುತ್ತದೆ. ಮರದಂತೆ ಗಟ್ಟಿಯಾದ ಲಿಗ್ನಿನ್ ಅಂಶವನ್ನು ಕರಗಿಸಬಲ್ಲದ್ದು ಅಣಬೆ.

ಅಪ್ಪ ಈಗ ಇಲ್ಲ. ಆ ಎಪ್ಪತ್ತರಲ್ಲಿ ನಲುವತ್ತರಷ್ಟು ಅಡಿಕೆ ಮರಗಳು ಕೆಳಗಿನ ತೋಟದ ಮೂಲೆಯಲ್ಲಿ ಇನ್ನೂ ಇವೆ. ಕಳೆದ ತಿಂಗಳು ಬದನೆ, ಮೆಣಸಿನ ಸಸಿಗೆಂದು ಪೇಟೆಯಿಂದ ಐದು ಕಿಲೋದ ಹುಡಿಯ ಇಟ್ಟಿಗೆಯೊಂದನ್ನು ತಂದೆ. ಮೇಲಿನ ಕಾಗದದಲ್ಲಿ ಇಂಗ್ಲಿಷ್, ಮಲಯಾಳ, ತಮಿಳು ಮೂರೂ ಇದ್ದುವು. ಮಗಳು ಶಾಲೆಯಲ್ಲಿ ಮಲಯಾಳ ಕಲಿತವಳು, ಓದತೊಡಗಿದಳು. ‘ಕಳುಗಿ’ ಬಂದೊಡನೆ ನನ್ನ ಮುಖ ನೋಡಿ, “ತೊಳೆಯಬೇಕು ಅಪ್ಪಾ” ಎಂದಳು. ಮೂರು ಬಾಲ್ದಿ ನೀರಿನಲ್ಲಿ ಮೂರು ಸಲ ತೊಳೆದೆವು. ಮೊದಲನೆಯ ನೀರು ಚಹಾದಂತಿತ್ತು, ಮೂರನೆಯದು ತಿಳಿಯಾಗಿತ್ತು.