ಹೊರಡುವವನ ಹಕ್ಕು

ಮದ್ದೂರು ತಾಲ್ಲೂಕಿನ ನಿಡಘಟ್ಟ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿನ ಊರು. ಅಲ್ಲಿಂದ ವಿದೇಶಕ್ಕೆ ಹೊರಟವನಿಗೆ ಬೆಂಗಳೂರು ದೂರವಲ್ಲ. ಕಾಗದಪತ್ರಗಳ ಹಾದಿಯೇ ದೂರ. ಜನನ ಪತ್ರ, ಪೊಲೀಸ್ ವಿಚಾರಣೆ, ಪಾಸ್‌ಪೋರ್ಟು, ವೀಸಾ ಒಂದೊಂದೂ ಒಂದೊಂದು ಸುಂಕದಕಟ್ಟೆ. ಆದರೂ ಈ ಅಲೆದಾಟಕ್ಕೆ ಇಂದು ಕಾನೂನಿನ ಆಸರೆಯುಂಟು. ಹಿಂದೆ ಅದೂ ಇರಲಿಲ್ಲ.

1920ರ ಪಾಸ್‌ಪೋರ್ಟ್ ಕಾಯಿದೆ ದೇಶದೊಳಕ್ಕೆ ಬರುವವರನ್ನು ಕುರಿತದ್ದು. ಹೊರಹೋಗುವ ಸಾಮಾನ್ಯ ಪ್ರಯಾಣಿಕನ ಬಗೆಗೆ ಅದು ಮೌನವಾಗಿತ್ತು; ಆದರೆ ಪಾಸ್‌ಪೋರ್ಟಿಲ್ಲದವನನ್ನು ಹಡಗಾಗಲಿ ವಿಮಾನವಾಗಲಿ ಹತ್ತಿಸಿಕೊಳ್ಳುತ್ತಿರಲಿಲ್ಲ. ಕೊಡುವುದೂ ಬಿಡುವುದೂ ಸರ್ಕಾರದ ಮರ್ಜಿ.

1965ರಲ್ಲಿ ಮೈಸೂರು ಹೈಕೋರ್ಟಿನ ಪೀಠ, ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರ ಲೇಖನಿಯಿಂದ, ಹೊರದೇಶಕ್ಕೆ ಹೋಗುವ ಸ್ವಾತಂತ್ರ್ಯ ಸಂವಿಧಾನದ 21ನೆಯ ವಿಧಿಯಲ್ಲಿ ಅಡಕವಾಗಿದೆ, ಶಾಸನೋಕ್ತ ಕ್ರಮವಿಲ್ಲದೆ ಅದನ್ನು ಕಸಿಯಲಾಗದು ಎಂದು ಸಾರಿತು. 1967ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೂ, ಐವರಲ್ಲಿ ಮೂವರ ಬಹುಮತದಿಂದ, ಅದೇ ನಿಲುವಿಗೆ ಬಂದಿತು. ಜೂನ್‌ನಲ್ಲಿ ಹೊಸ ಕಾಯಿದೆ ಹುಟ್ಟಿತು: ನಿರಾಕರಿಸುವ ಅಧಿಕಾರಿ ಕಾರಣವನ್ನು ಬರೆದಿಡಬೇಕು, ದೇಶಹಿತದಂಥ ಕೆಲವು ಸಂದರ್ಭಗಳನ್ನುಳಿದು, ಕೇಳಿದವನಿಗೆ ಅದನ್ನು ತಿಳಿಸಬೇಕು, ಮೇಲ್ಮನವಿಗೂ ಅವಕಾಶವಿರಬೇಕು.

ಸರದಿಯಲ್ಲಿ ನಿಂತವನ ಕಾಲುನೋವು ಇದರಿಂದ ಕಡಮೆಯಾಗದು, ನಿಜ. ಆದರೆ ಅರ್ಜಿ ಹಿಡಿದು ನಿಂತ ನಿಡಘಟ್ಟದ ಹುಡುಗ ‘ಯಾಕೆ ಕೊಡೋದಿಲ್ಲ, ಸ್ವಾಮಿ?’ ಎಂದು ಕೇಳಬಲ್ಲ. ಅವನ ಅಜ್ಜನಿಗೆ ಆ ಪ್ರಶ್ನೆಯ ಹಕ್ಕಿರಲಿಲ್ಲ.