ಗೋಧಿಯ ತೆನೆ ಮತ್ತು ನಕ್ಷತ್ರ

ಡೇವಿಸ್‌ನಲ್ಲಿ ಆಹಾರ ವಿಜ್ಞಾನದ ಪದವಿ ಮುಗಿಸಿ ಬಂದ ಮಗಳು ತನ್ನ ಪದವಿಪತ್ರವನ್ನು ಊಟದ ಮೇಜಿನ ಮೇಲಿರಿಸಿ, ಅದರಲ್ಲಿದ್ದ ಮುದ್ರೆಯನ್ನು ತೋರಿಸಿ ಕೇಳಿದಳು: "ಅಮ್ಮಾ, ನಾನು ಕಲಿತದ್ದು ಅನ್ನದ ವಿದ್ಯೆ. ಇದರಲ್ಲಿ ಅನ್ನ ಎಲ್ಲಿದೆ?" ಕಲಾವಿಭಾಗದಲ್ಲಿ ಓದಿ, ಅಡುಗೆಮನೆಯಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನ್ನನ್ನು ಆ ಪ್ರಶ್ನೆ ಬಹಳ ದಿನ ಕಾಡಿತು.

ತೆರೆದ ಪುಸ್ತಕ, ಅದರ ಮೇಲೆ ಕಿರಣ ಸೂಸುವ ನಕ್ಷತ್ರ, 'ಬೆಳಕಾಗಲಿ' ಎಂಬ ಧ್ಯೇಯವಾಕ್ಯ, 1868 ಎಂಬ ಸ್ಥಾಪನೆಯ ವರ್ಷ: ಇದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮುದ್ರೆ. ಅಲ್ಲಿನ ಆಹಾರ ತಂತ್ರಜ್ಞಾನದ ವ್ಯಾಸಂಗವು ಮೊದಲು ಬೆಳೆದದ್ದು ನಾವು ವಾಸಿಸುವ ಈ ಕೊಲ್ಲಿ ಪ್ರದೇಶದ ಬರ್ಕ್ಲಿಯಲ್ಲಿ, ಪ್ರೊ. ವಿಲಿಯಂ ಕ್ರೂಸ್ ಅವರ ಕಾಲದಲ್ಲಿ. ಡೇವಿಸ್‌ಗೆ ಅದು ಸಾಗಿದ್ದು 1950ರ ದಶಕದಲ್ಲಿ.

ಬೈಬಲ್ಲಿನ ಸೃಷ್ಟಿಕಥೆಯಿಂದ ಬಂದ ಆ ವಾಕ್ಯದ ಲ್ಯಾಟಿನ್ ರೂಪ 'ಫಿಯಟ್ ಲಕ್ಸ್'. 1945ರ ಅಕ್ಟೋಬರ್ 16ರಂದು ಜನ್ಮತಾಳಿದ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಇದೇ ಧಾಟಿಯಲ್ಲಿ 'ಫಿಯಟ್ ಪಾನಿಸ್', ಎಂದರೆ 'ರೊಟ್ಟಿಯಾಗಲಿ', ಎಂಬ ವಾಕ್ಯವನ್ನು ತನ್ನದಾಗಿಸಿಕೊಂಡಿತು. ಅದರ ಲಾಂಛನದ ವೃತ್ತದ ನಡುವೆ ಒಂದು ಗೋಧಿಯ ತೆನೆ ನಿಂತಿದೆ. ಮಹಾಯುದ್ಧದ ಹಸಿವನ್ನು ಕಂಡ ಪೀಳಿಗೆಗೆ ಬೆಳಕಿನಷ್ಟೇ ರೊಟ್ಟಿಯೂ ಪವಿತ್ರವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ತೆನೆಗೂ ನನ್ನ ತವರಾದ ಮೈಸೂರಿಗೂ ನಂಟುಂಟು. ನಾಲ್ವಡಿ ಕೃಷ್ಣರಾಜ ಒಡೆಯರು ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ಎಮ್ಮೆಯ ಹಾಲಿನಿಂದ ಶಿಶು ಆಹಾರವನ್ನು ತಯಾರಿಸುವ ವಿಧಾನ ರೂಪುಗೊಂಡದ್ದು ಅಲ್ಲಿಯೇ. ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ 1964ರಲ್ಲಿ ಅಲ್ಲಿ ಅಂತರರಾಷ್ಟ್ರೀಯ ತರಬೇತಿ ಕೇಂದ್ರವೂ ತಲೆಯೆತ್ತಿ, ಪರದೇಶಗಳ ವಿದ್ಯಾರ್ಥಿಗಳು ಮೈಸೂರಿಗೆ ಬಂದರು.

ಆದರೆ ಮೈಸೂರು ಸೀಮೆಯ ಬಡವರ ಒಲೆಯ ಮೇಲೆ ಬೆಂದದ್ದು ಗೋಧಿಯಲ್ಲ, ರಾಗಿ. ನೆಟ್ಟಗೆ ನಿಲ್ಲುವ ಗೋಧಿಯ ತೆನೆಯಂತಲ್ಲ ರಾಗಿಯ ತೆನೆ. ಅದು ತುತ್ತು ಹಿಡಿದ ಕೈಯ ಬೆರಳುಗಳಂತೆ ಒಳಕ್ಕೆ ಬಾಗಿರುತ್ತದೆ. ನೆಲದೊಳಗಿನ ಹಗೇವಿನಲ್ಲಿ ಅದನ್ನು ವರ್ಷಗಟ್ಟಲೆ ಕೆಡದಂತೆ ಕಾದಿರಿಸಿ ಬರಗಾಲವನ್ನು ದಾಟಿದ ನಮ್ಮ ಅಜ್ಜಿಯರಿಗೆ ಯಾವ ಮುದ್ರೆಯೂ ಇರಲಿಲ್ಲ, ಪದವಿಪತ್ರವೂ ಇರಲಿಲ್ಲ. 2023ನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ, ಗೋಧಿಯ ತೆನೆಯನ್ನು ಧರಿಸಿದ ಆ ಸಂಸ್ಥೆಯೇ ಮುಂದೆ ನಿಂತು ರಾಗಿಯ ಗುಣಗಾನ ಮಾಡಿತು. ನನ್ನ ಕಣ್ಣು ಒದ್ದೆಯಾಯಿತು.

ಮಗಳಿಗೆ ಕೊನೆಗೆ ಹೇಳಿದೆ: "ನಿನ್ನ ಮುದ್ರೆಯಲ್ಲಿ ಅನ್ನವಿಲ್ಲ, ನಿಜ. 'ಆಗಲಿ' ಎಂಬ ಮಾತು ಮಾತ್ರ ಎರಡು ಲಾಂಛನಗಳಲ್ಲಿಯೂ ಇದೆ. ಹಾರೈಸುವುದಷ್ಟೇ ಲಾಂಛನದ ಕೆಲಸ. ಆಗಿಸುವುದು ಕೈಗಳ ಕೆಲಸ."

ಅವಳು ಮರುಮಾತಾಡದೆ ಒಳಗೆ ಹೋಗಿ, ಮುದ್ದೆಗೆ ಎಸರಿಟ್ಟಳು.