ಪದ್ಮಿನಿಯ ತಗಡು ಮತ್ತು ಮುಂಬಯಿಯ ಮಳೆ

2023ರ ಅಕ್ಟೋಬರ್ 30ರಿಂದ ಮುಂಬಯಿಯ ರಸ್ತೆಗಳಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಇಲ್ಲವಾಯಿತು. ಕಡೆಯದು ನೋಂದಣಿಯಾದದ್ದು 2003ರಲ್ಲಿ. ಟ್ಯಾಕ್ಸಿಗೆ ಇಲ್ಲಿ ಇಪ್ಪತ್ತೇ ವರ್ಷದ ಆಯಸ್ಸು. ಆ ಸುದ್ದಿ ಓದಿದ ದಿನ ನಾವು ಕೆಳಗಿಳಿದು, ತಂದೆಯವರು ಬಿಟ್ಟುಹೋದ 1988ರ ಪದ್ಮಿನಿಯ ಹೊದಿಕೆ ಸರಿಸಿ ನೋಡಿದೆವು. ಬಾಗಿಲ ಕೆಳಗೆ ಬಣ್ಣ ಹಪ್ಪಳದಂತೆ ಉಬ್ಬಿತ್ತು.

ಈ ಕಾರಿಗೂ ಕನ್ನಡಿಗರಿಗೂ ಇರುವ ನಂಟನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಲ್ಲ. ಭಾರತದಲ್ಲೇ ಮೋಟಾರು ತಯಾರಾಗಬೇಕೆಂದು, ಎಪ್ಪತ್ತು ದಾಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕಗಳನ್ನು ಸುತ್ತಿ ಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಜೊತೆಗೂಡಿದರು. ಬೆಂಗಳೂರಿನಲ್ಲಿ ಕಾರಖಾನೆ ತೆರೆಯಲು ಮೈಸೂರು ಸರ್ಕಾರ ಒಲವು ತೋರಿದರೂ ಬ್ರಿಟಿಷರ ಭಾರತ ಸರ್ಕಾರ ಆಸರೆ ಕೊಡಲಿಲ್ಲ. 1940ರಲ್ಲಿ ಬೆಂಗಳೂರಿಗೆ ವಾಲ್‌ಚಂದರ ವಿಮಾನ ಕಾರಖಾನೆ ಬಂತು. ಮೋಟಾರು ಕಂಪನಿ ಮಾತ್ರ 1944ರಲ್ಲಿ, ಪ್ರೀಮಿಯರ್ ಎಂಬ ಹೆಸರಿನಿಂದ, ಮುಂಬಯಿಯ ಪಾಲಾಯಿತು. ಕುರ್ಲಾದಲ್ಲಿ ಇಟಲಿಯ ಫಿಯೆಟ್ 1100 ತಯಾರಾಗಿ, 1970ರ ದಶಕದಲ್ಲಿ ಪದ್ಮಿನಿಯಾಯಿತು.

1953ರಲ್ಲಿ ಇಟಲಿಯಲ್ಲಿ ಹೊರಬಂದ ಆ ಮಾದರಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ತಗಡಿನ ಒಡಲೇ ಭಾರ ಹೊರಬೇಕು. ಹಾಗಾಗಿ ಬಾಗಿಲ ಕೆಳಗಿನ ತಗಡು ಹೋದರೆ ಅಂದವಷ್ಟೇ ಅಲ್ಲ, ಬೆನ್ನೆಲುಬೇ ಹೋದಂತೆ.

ನಾವು ಬಿ.ಎಸ್ಸಿ.ಯಲ್ಲಿ ಓದಿದ ರಸಾಯನಶಾಸ್ತ್ರ ಕಚೇರಿಯ ಫೈಲುಗಳ ನಡುವೆ ಎಂದೂ ಉಪಯೋಗಕ್ಕೆ ಬಂದಿರಲಿಲ್ಲ, ಇಲ್ಲಿ ಬಂತು. ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಸಿಕ್ಕರೆ ತುಕ್ಕು. ಕಡಲ ಉಪ್ಪು ಸೇರಿದರೆ ಇನ್ನೂ ಬೇಗ. ಹಾಗಾದರೆ ದೆಹಲಿಯ ಕಬ್ಬಿಣದ ಸ್ತಂಭ ಸುಮಾರು 1600 ವರ್ಷ ನಿಂತದ್ದು ಹೇಗೆ? ಇದ್ದಿಲಿನಲ್ಲಿ ಕಾಯಿಸಿ ತೆಗೆದ ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಮೈಮೇಲೆ ಫಾಸ್ಫೇಟಿನ ತೆಳು ಪದರ ಕಟ್ಟಿಕೊಂಡಿತೆಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಹ್ಮಣ್ಯಂ ವಿವರಿಸಿದ್ದಾರೆ. ದೆಹಲಿಯ ಒಣ ಹವೆಯ ಪಾಲೂ ಉಂಟೆನ್ನಿ. 1906ರಲ್ಲಿ ಇಂಗ್ಲೆಂಡಿನ ಥಾಮಸ್ ಕಾಸ್ಲೆಟ್ ಪೇಟೆಂಟ್ ಪಡೆದದ್ದೂ ಕಬ್ಬಿಣಕ್ಕೆ ಇಂಥದೇ ಪದರ ಹೊದಿಸುವ ವಿಧಾನಕ್ಕೆ. ಇಂದಿಗೂ ಕಾರಿನ ಒಡಲಿಗೆ ಬಣ್ಣದ ಮೊದಲು ಫಾಸ್ಫೇಟಿನ ಸಂಸ್ಕಾರ ನಡೆಯುತ್ತದೆ. ಅಂಗಡಿಯಲ್ಲಿ ತುಕ್ಕು ತೆಗೆಯಲು ಕೊಡುವ ಸೀಸೆಯಲ್ಲಿ ಬಹುಮಟ್ಟಿಗೆ ಇರುವುದು ಫಾಸ್ಫಾರಿಕ್ ಆಮ್ಲವೇ.

ಕೆಲವು ವರ್ಷಗಳ ಹಿಂದೆ ಒಂದು ಗ್ಯಾರೇಜಿನವರು ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕೊಟ್ಟಿದ್ದರು. ಎರಡು ಮಳೆಗಾಲದಲ್ಲಿ ಅದು ಉದುರಿತು. ಈ ಸಲ ಭಾನುವಾರಗಳನ್ನು ನಾವೇ ಸವೆಸಿದೆವು. ವೈರ್ ಬ್ರಷ್ಷಿನಿಂದ ಉಜ್ಜಿ, ಬಿಳಿ ತಗಡು ಕಾಣುವವರೆಗೆ ಉಪ್ಪುಕಾಗದ ಹಾಕಿದೆವು. ಕುಳಿಗಳಲ್ಲಿ ಉಳಿದ ಕಪ್ಪಿಗೆ, ಕೈಗವಸು ತೊಟ್ಟು, ಆಮ್ಲ ಸವರಿ, ತೊಳೆದು, ಚೆನ್ನಾಗಿ ಒಣಗಿಸಿದೆವು. ತಡಮಾಡದೆ ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಬಳಿದೆವು. ಅದರ ಕೆಂಪು ಬಣ್ಣವೂ ಕಬ್ಬಿಣದ ಆಕ್ಸೈಡೇ, ತುಕ್ಕಿನ ನೆಂಟ! ಪುಟ್ಟಿ, ಬಣ್ಣ ಆಮೇಲೆ. ಬಾಗಿಲ ತಳದ ನೀರು ಹೋಗುವ ತೂತುಗಳಲ್ಲಿ ಕಟ್ಟಿದ್ದ ಮಣ್ಣನ್ನು ಕಡ್ಡಿಯಿಂದ ಕೆದಕಿದಾಗ ಹಳೆಯ ಮಳೆನೀರು ಸುರಿಯಿತು.

ಎಡಗಡೆ ಮಾತ್ರ ಸ್ಕ್ರೂಡ್ರೈವರ್ ಊರಿದರೆ ಒಳಗೇ ಇಳಿಯಿತು. ಅದು ಮನೆಯ ಕೆಲಸವಲ್ಲ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಗುಜರಿಯವನು ಎರಡು ಬಾರಿ ಬಂದು ಬೆಲೆ ಹೇಳಿ ಹೋದ. ಮನೆಯಲ್ಲಿ ಅಮ್ಮ, "ಧಾರವಾಡಕ್ಕೆ ಹೋಗಿ ಬಂದ ಗಾಡಿ ಕಣೋ" ಎಂದಷ್ಟೇ ಅಂದು ಒಳಗೆ ಹೋದರು. ಬೆಸುಗೆಯವನಿಗೆ ಮುಂಗಡ ಕೊಟ್ಟಿದ್ದೇವೆ.